ನಾಲ್ಕನೇ ಜ್ವರ

ಮಳವಳ್ಳಿ ಬಸ್ಸಿನಲ್ಲಿ ಒದ್ದೆ ಗೋಣಿಯೊಳಗೆ
ಕೂತು ಬಂದ ಹಿಪ್ಪುನೇರಳೆ ಸೊಪ್ಪನ್ನು
ಗಂಗೋತ್ರಿಯ ಲ್ಯಾಬಿನಲ್ಲಿ ಅರೆದು, ಸೋಸಿ,
ಒಂದು ಹನಿ ಬಿಟ್ಟೆ.
ಕಿಣ್ವ ತನ್ನ ಕೆಲಸ ಮಾಡಿದ್ದರೆ
ಕೊಳವೆ ಹಳದಿಯಾಗಬೇಕು.
ಆಗಲಿಲ್ಲ.
ಮೂರು ಸಲ ಮಾಡಿದೆ. ನೀರಿನಷ್ಟೇ ತಿಳಿ.

ಜವರಮ್ಮತ್ತೆಗೆ ಫೋನಿನಲ್ಲಿ ಹೇಳಿದೆ:
ಗಾಣಕ್ಕೆ ಕಬ್ಬು ಕೊಡುವಾಗ
ಜಲ್ಲೆಗಳ ನಡುವೆ ಒಂದು ಕಬ್ಬಿಣ
ಅದೇ ಉದ್ದ, ಅದೇ ಗೆಣ್ಣು.
ಹಲ್ಲು ಕಚ್ಚಿಕೊಂಡಿತು,
ಅರೆಯಲಾರದು, ಉಗಿಯಲೂ ಆರದು.
ಡಾಕ್ಟರು ಅರ್ಧಕ್ಕಿಳಿಸಿದ ನಿನ್ನ ಮುದ್ದೆ
ಅಷ್ಟು ಹೊತ್ತು ಕರುಳಿನಲ್ಲಿ
ಸಕ್ಕರೆಯಾಗದೆ ಕಾಯುತ್ತದೆ.

"ಅಂಗಾದ್ರೆ ನನ್ನ ಹುಳ?
ಹುಟ್ಟಿದಾಗಿಂದ ಅದನ್ನೇ ತಿಂತವಲ್ಲ?"

ಅವುಗಳ ಗಾಣಕ್ಕೆ ಈ ವೇಷ ಗೊತ್ತು, ಅತ್ತೆ.
ಎಷ್ಟೋ ಸಾವಿರ ವರ್ಷದ ಒಕ್ಕಲು.
ಮೋಸ ಹೋಗುವುದು ನಮ್ಮದು.

ಆ ಕಡೆ ಮಾತಿಲ್ಲ.
ತಟ್ಟೆ ತಟ್ಟೆಯಲ್ಲೂ ಸೊಪ್ಪು ಮುಕ್ಕುವ
ಚರಚರ ಮಾತ್ರ, ತುಂತುರು ಬಿದ್ದ ಹಾಗೆ.
ಆಮೇಲೆ:

"ನಾಲ್ಕನೇ ಜ್ವರ ಎದ್ದವೆ. ಸೊಪ್ಪು ಸಾಲ್ದು.
ಅವುಗಳ ಪಾಲು ನಾನು ಅಗಿಯಕ್ಕಾದದಾ?
ಆ ಖಾಲಿ ಗೋಣಿ
ನಾಳೆ ಬಸ್ಸಿಗೆ ಹಾಕ್ಬುಡು, ಮಗ."