ಬಿಳಿ ಹಿನ್ನೆಲೆ

ಕೋರೆ ಕೆರೆಯಾಗಲು
ಒಂದೇ ಅಕ್ಷರ ತಿದ್ದಿದರೆ ಸಾಕು.
ಬದಿಯಡ್ಕದ ಆಚೆ, ಗುಡ್ಡದ ನೆತ್ತಿಯಲ್ಲಿ,
ಹನ್ನೊಂದು ಮಳೆಗಾಲ ಸೇರಿ
ಅದನ್ನು ತಿದ್ದಿದವು.

ಕೆಂಪುಕಲ್ಲು ಕಡಿದು ಒಯ್ದ ಗುಂಡಿ.
ಇಲ್ಲಿಂದ ಎದ್ದುಹೋದ ಮನೆಗಳು
ಉಪ್ಪಳದಲ್ಲಿ, ಸೀತಾಂಗೋಳಿಯಲ್ಲಿ
ಬಣ್ಣ ಬಳಿದುಕೊಂಡು ನಿಂತಿವೆ;
ಅವು ಬಿಟ್ಟುಹೋದ ಜಾಗದಲ್ಲಿ ನೀರು,
ಮೆಟ್ಟಿಲು ಮೆಟ್ಟಿಲಾಗಿ, ಚೌಕ ಚೌಕವಾಗಿ.

ನಾನು ಪೇಟೆಯಲ್ಲಿ
ಪಾಸ್‌ಪೋರ್ಟ್ ಫೋಟೋ ತೆಗೆಯುವವಳು.
ಗದ್ದ ಸ್ವಲ್ಪ ಕೆಳಗೆ. ಕಿವಿ ಎರಡೂ ಕಾಣಲಿ.
ನಗಬೇಡಿ.
ಇಪ್ಪತ್ತು ವರ್ಷದಲ್ಲಿ ಎಷ್ಟು ಜನರ ನಗು ನಿಲ್ಲಿಸಿ
ಶಾರ್ಜಾಕ್ಕೆ ಕಳಿಸಿದ್ದೇನೋ, ಲೆಕ್ಕವಿಲ್ಲ.
ಅವರಲ್ಲೊಬ್ಬ, ಮೂಸಕುಂಞಿ, ರಜೆಗೆ ಬಂದಾಗ
ಒಂದು ಸ್ನಾರ್ಕೆಲ್ ತಂದುಕೊಟ್ಟ:
"ಅಲ್ಲಿ ಎಲ್ಲರೂ ಕಡಲಿಗೆ ಮುಖ ಹಾಕಿ ಮಲಗ್ತಾರೆ ಸುಗುಣಕ್ಕಾ,
ನನಗೆ ಧೈರ್ಯ ಬರಲಿಲ್ಲ."

ಭಾನುವಾರ. ಅಂಗಡಿಗೆ ಬಾಗಿಲು.
ದಡದಲ್ಲಿ ಹಗ್ಗದ ತುದಿ ಹಿಡಿದು ಉಮ್ಮರಿಚ್ಚ,
ಇದೇ ಕೋರೆಯಲ್ಲಿ ಕಲ್ಲು ಕಡಿದವರು, ಈಜು ಬಾರದವರು.
"ಅಡಿಯಲ್ಲಿ ನನ್ನದೊಂದು ಪಿಕ್ಕಾಸಿ ಉಂಟು.
ಮೂಡು ಮೂಲೆಯಲ್ಲಿ. ಕಂಡರೆ ಹೇಳಿ."

ಗಾಜಿಗೆ ಉಗುಳಿ ಉಜ್ಜಿ,
ಚೂಡಿದಾರದ ಮೇಲೆ ತಮ್ಮನ ಅಂಗಿ ಹಾಕಿ
ಮುಖವನ್ನು ನೀರಿಗೆ ಕೊಟ್ಟೆ.

ಮೊದಲು ನನ್ನದೇ ಉಸಿರು,
ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವ ಹಾಗೆ.
ಆಮೇಲೆ ಹಸಿರು. ಆಮೇಲೆ
ಗೋಡೆಯಲ್ಲಿ ಕಡಿತದ ಗೆರೆಗಳು,
ಕಾಪಿಪುಸ್ತಕದ ಹಾಳೆಯಂತೆ;
ಅದರ ಮೇಲೆ ನೀರೊಳ್ಳೆಯೊಂದು
ಸಹಿ ಹಾಕಿ ಮುಗಿಸುವ ಮೊದಲೇ ಎದ್ದುಹೋಯಿತು.
ಕ್ಲಿಕ್. ಬಾಲ ಮಾತ್ರ.

ಆಮೆ ಕಲ್ಲಿನಂತೆ ಕೂತಿತ್ತು.
ಕ್ಲಿಕ್. ಕಲ್ಲೇ ಆಗಿತ್ತು.
ಅದರ ಪಕ್ಕದ ಕಲ್ಲು ಎದ್ದು ಈಜಿತು.

ಗದ್ದ ಕೆಳಗೆ ಅನ್ನಲು ಇಲ್ಲಿ ಬಾಯಿಲ್ಲ;
ಬಾಯಲ್ಲಿ ಕೊಳವೆ.

ಮೂಡು ಮೂಲೆಯಲ್ಲಿ
ಕೆಂಪು ಮೋಡವೊಂದು ಕುದಿಯುತ್ತಿತ್ತು.
ಮರಿಗಳು. ಸಾವಿರ ಇರಬಹುದು,
ಬೆಂಕಿಕಡ್ಡಿಯ ತಲೆಯಷ್ಟು;
ಮೇಲೆ ಹೋಗಿ ಒಂದು ಗುಟುಕು ಗಾಳಿ ತಂದು
ಮತ್ತೆ ಕೆಳಗೆ.
ಅವುಗಳ ಅಡಿಯಲ್ಲಿ ಮೊಳದುದ್ದದ ತಾಯಿ:
ತುಳುವಿನಲ್ಲಿ ಮಡೆಂಜಿ, ಮಲಯಾಳದಲ್ಲಿ ವರಾಲ್,
ಪುಸ್ತಕದ ಕನ್ನಡದಲ್ಲಿ ಕೊರವ.
ಯಾವ ಹೆಸರಿಗೂ ತಿರುಗದೆ
ನೇರ ನನ್ನನ್ನೇ ನೋಡಿತು.
ಅಲ್ಲಾಡಲಿಲ್ಲ. ನಗಲಿಲ್ಲ.
ಉಸಿರು ಹಿಡಿದೆ. ಕ್ಲಿಕ್.
ಆಮೇಲೆ ಬಂದು ಮಣಿಕಟ್ಟಿಗೆ ಗುದ್ದಿತು,
ಅಂಗಳಕ್ಕೆ ನುಗ್ಗಿದವಳನ್ನು ಗದರಿಸುವ ಹಾಗೆ.

ಮಂಗಳವಾರ, ಕಂಪ್ಯೂಟರಿನ ಮುಂದೆ,
ಆಧಾರ್ ಕಾರ್ಡಿನ ನಕಲಿಗೆ ಬಂದ ಐತಪ್ಪ ನಿಂತುಬಿಟ್ಟ.
"ಮರಿ ಇದ್ದಲ್ಲಿ ತಾಯಿ ಇರ್ತದೆ.
ಬಲೆ ಹಾಕಿದರೂ ಬಿಟ್ಟು ಓಡುವುದಿಲ್ಲ, ಸುಲಭ.
ಎಲ್ಲಿ ಇದು? ಗೆರೆ ನೋಡಿದರೆ ಯಾವುದೋ ಕೋರೆ."
"ನೆಟ್ಟಿನದ್ದು," ಅಂದೆ.

ಅವನು ಹೋದ ಮೇಲೆ
ಎಲ್ಲರಿಗೂ ಮಾಡುವುದನ್ನೇ ಮಾಡಿದೆ:
ರೆಕ್ಕೆಯ ಅಂಚು ಹಿಡಿದು, ಮರಿಮರಿಯ ಸುತ್ತ ಸುತ್ತಿ,
ಗೋಡೆ ಅಳಿಸಿದೆ, ಗೆರೆ ಅಳಿಸಿದೆ,
ನೀರನ್ನೂ ಅಳಿಸಿದೆ.
ರಾತ್ರಿ ಹನ್ನೊಂದೂವರೆ ಆಯಿತು.
ಬಿಳಿ ಹಿನ್ನೆಲೆ.
ನಿಯಮದ ಪ್ರಕಾರ ಎಲ್ಲ ಸರಿ,
ಕಿವಿಯೊಂದು ಬಿಟ್ಟು.
ಈಗ ಅದು ಯಾವ ಊರಿನದೂ ಅಲ್ಲ.
ಅಂಗಡಿಯ ಗೋಡೆಗೆ ಅಂಟಿಸಿದೆ.

ಮೂಲದ್ದು ಉಮ್ಮರಿಚ್ಚನಿಗೆ.
ಕನ್ನಡಕ ಹಾಕಿ, ಮೀನನ್ನು ಬಿಟ್ಟು,
ಬಾಲದ ಹಿಂದಿನ ಕತ್ತಲೆಗೆ ಬೆರಳಿಟ್ಟರು.
ತುಕ್ಕಿನ ಒಂದು ಬಾಗು. ಅಥವಾ ಬೇರು.
"ಹಿಡಿ ಹೋಗಿದೆ," ಅಂದರು.
"ಹಲಸಿನದ್ದು. ನಾನೇ ಕೆತ್ತಿದ್ದು."

"ಮುಂದಿನ ವಾರ ಮೇಲೆ ತರಲಾ?"

"ಬೇಡ. ಮರಿ ಉಂಟಲ್ಲ,"
ಎಂದು ಫೋಟೋವನ್ನು ಅಕ್ಕಿಯ ಚೀಲದಲ್ಲಿ ಇಳಿಸಿ
ಮುಳ್ಳೇರಿಯದ ಬಸ್ಸಿಗೆ ನಡೆದರು.