ಒಂದೂವರೆ ಸುತ್ತು

ಕೌಲ್ ಬಜಾರಿನಲ್ಲಿ, ಸೋಡಾ ಅಂಗಡಿಯ ಮಗ್ಗುಲಿಗೆ
ಒಂದು ಹಾಸುಬಂಡೆ, ಅದೇ ಹೊನ್ನೂರ್‌ವಲಿಯ ಗ್ಯಾರೇಜು.
ಬೋರ್ಡಿಲ್ಲ. ಬೇವಿನ ಕೊಂಬೆಗೆ ಕಟ್ಟಿದ ಎರಡು ಸೈಲೆನ್ಸರು
ಗಾಳಿಗೆ ತಾಗಿ ಠಣ್ ಅಂದರೆ
ಅಂಗಡಿ ತೆರೆದಿದೆ ಅಂತ.

ನನ್ನದು ಎಪ್ಪತ್ತೆಂಟರ ಯೆಜ್ಡಿ.
ಗುಜರಿಯ ತಕ್ಕಡಿ ಹತ್ತಬೇಕಾದದ್ದನ್ನು
ದಸರೆಯ ಬೋನಸ್ಸು ಕೊಟ್ಟು ಬಿಡಿಸಿಕೊಂಡೆ.
"ಗಂಡಸರು ಒದ್ದು ಒದ್ದು ಸಾಕಾಗಿ ಬಿಟ್ಟಿದ್ದು" ಅಂದಳು
ಪಕ್ಕದ ಮಷಿನ್ನಿನ ಎಂಕಮ್ಮ, ಜೀನ್ಸಿಗೆ ಜೇಬು ಹಚ್ಚುತ್ತಾ.
ಕಿಕ್ಕಿನ ಕೋಲೇ ಮಡಚಿದರೆ ಗೇರಿನ ಕೋಲು.
ಒಂದೇ ಕೈಗೆ ಎರಡು ಕೆಲಸ;
ಅದೇನು ನನಗೆ ಹೊಸದಲ್ಲ.

ಹೊತ್ತಿಕೊಳ್ಳುತ್ತಿತ್ತು, ಕೆಮ್ಮುತ್ತಿತ್ತು,
ರಾಯಲ್ ಸರ್ಕಲ್ಲಿನಲ್ಲಿ ಕೆಂಪು ಬಿದ್ದಾಗೆಲ್ಲ ಸಾಯುತ್ತಿತ್ತು.

ವಲಿ ಏನೂ ಕೇಳಲಿಲ್ಲ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ.
ಕಾಡಿಗೆಯಂಥ ಕಪ್ಪು, ಒದ್ದೆ.
"ಉಣ್ಣಾಕ ಬಾಳ ಆಗೈತಿ ಇದಕ್ಕ. ಉಸಿರಿಗೆ ಜಾಗ ಇಲ್ಲ."

ಏರ್ ಫಿಲ್ಟರ್ ಬಿಚ್ಚಿ ಬಂಡೆಗೆ ಕುಟ್ಟಿದ.
ಉದುರಿತು ಬಳ್ಳಾರಿ.
ಮೇಲೆ ಬೂದಿ, ಕುಡತಿನಿ ಕಡೆಯದು;
ಅದರಡಿ ಕೆಂಪು, ಕುಂಕುಮಕ್ಕಿಂತ ಭಾರ,
ಅದಿರಿನ ಲಾರಿಗಳು ರಾತ್ರಿಯೆಲ್ಲ ನಿದ್ದೆಗೆಡಿಸಿದ ವರ್ಷಗಳದ್ದು;
ಎಲ್ಲಕ್ಕೂ ಕೆಳಗೆ ಜೋಳದ ಒಂದು ಹೊಟ್ಟು,
ಯಾವ ಕಣದಿಂದ ಹಾರಿತ್ತೋ.
ಅಂಗೈಯಲ್ಲಿಟ್ಟು ಊದಿದ.
ಊದಿದ ಮೇಲೆ ಅವನಿಗೇ ಕೆಮ್ಮು ಬಂತು,
ಮುಗಿಯುವ ತನಕ ನಾನು ಬೇವು ನೋಡುತ್ತಿದ್ದೆ.

ಆಮೇಲೆ ಕಾರ್ಬುರೇಟರು, ಬೊಗಸೆಯಷ್ಟು ಜೀವ.
ಫ್ಲೋಟಿನ ಬಟ್ಟಲು. ಸೂಜಿ.
ಸೂಜಿಯ ಮೂರನೆಯ ಗೆರೆಗೆ ಕ್ಲಿಪ್ಪು.
ಸಾಸಿವೆಯೂ ತೂರದ ಜೆಟ್ಟಿನ ಕಣ್ಣು.
"ತಂತಿ ಚುಚ್ಚಬ್ಯಾಡ, ಕಣ್ಣು ದೊಡ್ಡದಾಕೈತಿ. ಬಾಯಿಲೆ ಊದು."
ಊದಿದೆ.
ಸಂಜೆಯ ಚಹಾದಲ್ಲೂ ಇತ್ತು ಆ ಪೆಟ್ರೋಲು.
ಬೆಳಕಿಗೆ ಹಿಡಿದು ನೋಡಿದರೆ ಒಳಗೆ
ಕೋಟೆಗುಡ್ಡದ ಒಂದೇ ಒಂದು ಕಲ್ಲು, ಬಿಸಿಲಲ್ಲಿ.

ಗಾಳಿಯ ಸ್ಕ್ರೂ ಒಳಗೆ ತಿರುಗಿಸಿದ, ತಾಗುವಷ್ಟು, ಬಿಗಿಯದೆ.
ಮತ್ತೆ ಹೊರಗೆ: ಒಂದು ಸುತ್ತು. ಇನ್ನರ್ಧ.
"ಪುಸ್ತಕದ ಲೆಕ್ಕ ಇಲ್ಲಿಗೆ ಮುಗೀತು. ಇನ್ನ ಮುಂದ ಕಿವಿ."
ಅವನ ಎಡಗಿವಿ ಸತ್ತಿದೆ, ಬಲದ್ದು ಅರ್ಧ.
ಹದಿನಾರು ವರ್ಷ ಕ್ರಷರಿನ ಪಕ್ಕ ನಿಂತವನು.
ಟ್ಯಾಂಕಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಾನೆ,
ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವವನ ಹಾಗೆ.
"ಕೈಗೆ ಇಷ್ಟಾ ತಿಳಿಯೋದು. ಉಳಿದದ್ದು ನೀ ಹೇಳು."

ನಲವತ್ತು ಮಷಿನ್ನಿನ ಗದ್ದಲದಲ್ಲಿ
ಯಾರ ಸೂಜಿ ಮೊಂಡಾಗಿದೆ ಅಂತ
ಬೆನ್ನು ತಿರುಗಿಸಿಕೊಂಡೇ ಹೇಳುತ್ತೇನೆ ನಾನು.
ಇದಕ್ಕೂ ಕಿವಿ ಕೊಟ್ಟೆ.
"ಬಿಟ್ಟ ಮೇಲೂ ಇಳೀವಲ್ದು. ಮ್ಯಾಲೇ ನೇತಾಡತೈತಿ."
"ಹಂಗಾದ್ರ ಕಳ್ಳಗಾಳಿ. ಹುಡುಕು."

ಎಲ್ಲಿಂದ ನುಗ್ಗುತ್ತಿದೆ ಕಾಣದ್ದು?
ತೋಳಿಗೆ ಅಂಟಿದ್ದ ಜೀನ್ಸಿನ ನೀಲಿ ನೂಲು ಕಿತ್ತು
ಕಾರ್ಬುರೇಟರಿನ ಸುತ್ತ ಹಿಡಿಯುತ್ತಾ ಬಂದೆ.
ಸಿಲಿಂಡರಿನ ಕೊರಳ ಬಳಿ ನೂಲು ಬಾಗಿತು, ನಡುಗಿತು,
ಸಂದಿಯೊಳಗೆ ಅರ್ಧ ಇಂಚು ಹೋಗಿ ನಿಂತಿತು.
ವಲಿ ನಕ್ಕ. ಅವನಿಗೆ ಮುಂದಿನ ಎರಡು ಹಲ್ಲಿಲ್ಲ.

ಗ್ಯಾಸ್ಕೆಟ್ಟಿಗೆ ಹಾಳೆ ಇರಲಿಲ್ಲ.
ಸೊಂಟಪಟ್ಟಿಗೆ ಹಚ್ಚುವ ಲೇಬಲ್ಲಿನ ತುಂಡು ನನ್ನ ಚೀಲದಲ್ಲಿತ್ತು,
ಯಾವುದೋ ದೇಶದ ಹೆಸರು ಒತ್ತಿದ್ದು.
ಕತ್ತರಿಸಿ, ಗ್ರೀಸ್ ಸವರಿ ಕೂರಿಸಿದೆವು.
"ನಾಕು ದಿನ ತಡೀತೈತಿ" ಅಂದ. ನೂರಾ ಎಂಬತ್ತು ತಗೊಂಡ.

ಸ್ಕ್ರೂವಿಗೆ ಬಣ್ಣದ ಗುರುತು ಹಾಕಲೇ ಅಂದೆ.
"ಬ್ಯಾಡ. ಬ್ಯಾಸಗಿಗೆ ಕಾಲು ಸುತ್ತು ಬಿಡು,
ಥಂಡಿಗೆ ತಿರುಗಿ ತಗೋ.
ಗುರುತು ಹಾಕಿದಿ ಅಂದ್ರ ಕೇಳೋದು ಬಿಡತಿ."

ರಾಯಲ್ ಸರ್ಕಲ್ಲಿನಲ್ಲಿ ಮತ್ತೆ ಕೆಂಪು.
ಕೈ ಬಿಟ್ಟೆ. ಇಳಿಯಿತು, ಇಳಿದು ನಿಂತಿತು,
ಡುಗ್, ಡುಗ್, ನಡುವೆ ಒಂದು ಬಿಡುವು, ಡುಗ್.
ಹಿಂದೆ ಆಟೋದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು,
ಹಸಿರು ಯಾವಾಗಲೋ ಬಿದ್ದಿತ್ತಂತೆ.