ಒಂದು ಎತ್ವ

ಸಮಾಜಶಾಸ್ತ್ರದ ಮೊದಲ ಟೆಸ್ಟು.
ಅಂತಸ್ತಿಗೊಂದು ಪಾತ್ರ ಅಂತ ಬರೆಯಬೇಕಿತ್ತು;
ಅಂತಸ್ತಿಗೊಂದು ಪಾತ್ರೆ ಅಂತ ಬರೆದೆ.
ಮಂಚಯ್ಯ ಮೇಷ್ಟ್ರು ಎತ್ವಕ್ಕೆ ಕೆಂಪು ಸುತ್ತು ಹಾಕಿ
ಅರ್ಧ ಅಂಕ ಕಳೆದರು. ಕ್ಲಾಸು ನಕ್ಕಿತು, ನಾನೂ.

ಹಿಂದಿನ ರಾತ್ರಿ ಎರಡರ ತನಕ
ಮಂಡ್ಯದ ನೂರಡಿ ರಸ್ತೆಯ ಛತ್ರದ ಹಿತ್ತಲಲ್ಲಿ
ಚಿಕ್ಕವ್ವನ ಜೊತೆ ಸಾರಿನ ಕೊಳಗ ಉಜ್ಜಿದ್ದೆ.
ಪೆನ್ನು ಹಿಡಿದ ಬೆರಳಲ್ಲಿ ಇನ್ನೂ ಬೂದಿ, ಹುಣಸೆ.

ಮುಂದಿನ ಭಾನುವಾರ, ಬೀಗರೂಟ.
ಕೈ ತೊಳೆಯಲು ಬಂದ ಮೇಷ್ಟ್ರು ನನ್ನ ಕಂಡು
ನಲ್ಲಿ ತಿರುಗಿಸುವುದನ್ನೇ ಮರೆತರು.
ಕ್ಲಾಸಲ್ಲಾದರೆ ಎದ್ದು ನಿಲ್ಲುತ್ತಿದ್ದೆ;
ಇಲ್ಲಿ ಕುಕ್ಕರುಗಾಲು, ಮೊಣಕೈವರೆಗೆ ಜಿಡ್ಡು.
ಏಳಬೇಕೋ ಬೇಡವೋ,
ಆ ಪಾಠ ಇನ್ನೂ ಆಗಿರಲಿಲ್ಲ.

"ಊಟ ಆಯ್ತೇನವ್ವ?" ಅಂದರು.
"ಕೊನೇ ಪಂಕ್ತೀಲಿ, ಸಾರ್."

ವಾರ್ಷಿಕ ಪರೀಕ್ಷೆಯಲ್ಲಿ ಸರಿಯಾಗೇ ಬರೆದೆ.
ಎತ್ವ ಬಿಟ್ಟ ಜಾಗದಲ್ಲಿ
ಪೆನ್ನು ಒಂದು ಗಳಿಗೆ ಕುಕ್ಕರಿಸಿತು.